ಉಸಿರಾಡೋಕೂ ಪುರುಸೊತ್ತಿಲ್ಲ

“ಉಸಿರಾಡೋಕೂ ಪುರುಸೊತ್ತಿಲ್ಲ ಮಾರಾಯ” ಅಂತ ಸೀನ ಕುರ್ಚಿಯ ಮೇಲೆ ಕುಸಿದ. ಎಲ್ಲಿಗೆ ಬಂದರೂ ಅವನ ಮೊದಲ ಮಾತು ಇದೇ. ತನಗೆ ಪುರುಸೊತ್ತಿಲ್ಲ ಎಂಬುದನ್ನು ವಿವರಿಸಲು ಅವನಿಗೆ ಕನಿಷ್ಠ ಅರ್ಧ ಗಂಟೆ ಬೇಕು.

ಅವತ್ತು ನರಹರಿ ಇದ್ದದ್ದು ಅವನ ಗ್ರಹಚಾರ. ನರಹರಿ ಮೆಡಿಕಲ್ ಹುಡುಗರಿಗೆ ಪಾಠ ಹೇಳುವವನು, ಅದೂ ನರಗಳ ಬಗ್ಗೆ. ಹೆಸರಲ್ಲೇ ನರ ಇಟ್ಟುಕೊಂಡು ಇನ್ನೇನು ಮಾಡಿಯಾನು ಅಂತ ನಾವು ರೇಗಿಸುತ್ತೇವೆ.

“ಉಸಿರಾಡು ಅಂತ ನಿನಗೆ ಯಾರು ಹೇಳಿದ್ದು?” ಅಂದ. “ಆ ಕೆಲಸ ನಿನ್ನ ಕೈಗೆ ಕೊಟ್ಟಿದ್ದಿದ್ರೆ ಮೊದಲ ದಿನವೇ ಮರೆತು ಕೂತಿರ್ತಿದ್ದೆ. ನಿಮಿಷಕ್ಕೆ 15 ಅಂತಿಟ್ಟುಕೋ. ದಿನಕ್ಕೆ 21,600 ಸಲ. ನಿನಗೆ ರಾತ್ರಿ ಫೋನ್ ಚಾರ್ಜಿಗೆ ಹಾಕೋದೇ ನೆನಪಿರಲ್ಲ.”

“ನನ್ನ ಉಸಿರು, ನನ್ನಿಷ್ಟ. ಬೇಕಾದ್ರೆ ನಿಲ್ಲಿಸಿ ತೋರಿಸ್ತೀನಿ. ಎರಡು ನಿಮಿಷ!”

ಸುಧಾ ಮಾತಾಡದೆ ಫೋನ್ ತೆಗೆದು ಸ್ಟಾಪ್‌ವಾಚ್ ಒತ್ತಿದಳು.

ಸೀನ ಎದೆ ತುಂಬ ಗಾಳಿ ಎಳೆದು ಮೂಗು ಹಿಡಿದುಕೊಂಡ. 20 ಸೆಕೆಂಡಿಗೆ ನಮ್ಮನ್ನು ನೋಡಿ ಹುಬ್ಬು ಹಾರಿಸಿದ. 35ಕ್ಕೆ ಹುಬ್ಬು ಇಳಿಯಿತು. 45ಕ್ಕೆ ಮುಖ ಕೆಂಪಾಗಿ ಕುತ್ತಿಗೆಯ ನರ ಉಬ್ಬಿತು. “ಅದು ನರ ಅಲ್ಲ, ರಕ್ತನಾಳ” ಅಂತ ನರಹರಿ ತಿದ್ದಿದ. (ಚರ್ಮದ ಕೆಳಗೆ ದಾರದ ಹಾಗೆ ಕಂಡದ್ದಕ್ಕೆಲ್ಲ ನಾವು ನರ ಅಂತೀವಿ. ಅವನಿಗೆ ಅದೊಂದು ತೀರದ ಸಂಕಟ.) 50 ದಾಟಿದ ಮೇಲೆ ನಿಜವಾದ ತಮಾಷೆ ಶುರುವಾಯಿತು. ಬಾಯಿ ಮುಚ್ಚಿದೆ, ಮೂಗು ಹಿಡಿದೇ ಇದ್ದಾನೆ, ಆದರೆ ಅಂಗಿಯ ಒಳಗೆ ಹೊಟ್ಟೆ ಮಾತ್ರ ಗಕ್ ಗಕ್ ಅಂತ ತಾನಾಗಿಯೇ ಎಗರತೊಡಗಿತು. ಒಳಗಿನಿಂದ ಯಾರೋ ಬಾಗಿಲು ಒದೆಯುತ್ತಿರುವ ಹಾಗೆ. 58ಕ್ಕೆ ಸೀನ ‘ಹಾ’ ಅಂತ ಬಾಯಿ ಬಿಟ್ಟ.

“ಎರಡು ನಿಮಿಷಕ್ಕೆ 62 ಸೆಕೆಂಡು ಸಾಲ” ಅಂದಳು ಸುಧಾ.

“ಆ ಎಗರಿದ್ದು ವಪೆ” ಅಂತ ನರಹರಿ ಸೀನನ ಹೊಟ್ಟೆಗೆ ಬೆರಳು ತೋರಿಸಿದ. “ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗಿರೋ ಸ್ನಾಯು. ಬಿಗಿಯಾದ್ರೆ ಚಪ್ಪಟೆಯಾಗಿ ಕೆಳಗಿಳಿಯುತ್ತೆ, ಎದೆ ಹಿಗ್ಗುತ್ತೆ, ಗಾಳಿ ಒಳಗೆ ಬರುತ್ತೆ. ಸಡಿಲಾದ್ರೆ ಶ್ವಾಸಕೋಶ ರಬ್ಬರಿನ ಹಾಗೆ ಕುಗ್ಗಿ ಗಾಳಿ ಹೊರಗೆ. ಸುಮ್ನೆ ಕೂತಿದ್ದಾಗ ಉಸಿರು ಬಿಡೋಕೆ ಯಾವ ದುಡಿಮೆಯೂ ಇಲ್ಲ.”

“ಹಾಗಾದ್ರೆ ಅದೂ ಹೃದಯದ ಹಾಗೆ, ತಾನೇ ಬಡಿದುಕೊಳ್ಳುತ್ತಾ?” ಅಂತ ನಾನು ಕೇಳಿದೆ.

ನರಹರಿ ನೆಟ್ಟಗೆ ಕೂತ. ಅವನು ನೆಟ್ಟಗೆ ಕೂತರೆ ಪಾಠ ಶುರು ಅಂತ ಲೆಕ್ಕ.

“ಮಜಾ ಇರೋದೇ ಅಲ್ಲಿ. ಹೃದಯ ಸ್ವಂತ ದುಡಿಮೆಯವನು. ನರ ಎಲ್ಲ ಕತ್ತರಿಸಿದರೂ ಬಡಿದುಕೊಳ್ತಾನೇ ಇರುತ್ತೆ. ವಪೆ ಹಾಗಲ್ಲ. ಅದು ಕೈಕಾಲಿನ ಸ್ನಾಯುಗಳ ಜಾತಿಗೆ ಸೇರಿದ್ದು. ಹೇಳಿದರೆ ಮಾಡುತ್ತೆ, ಇಲ್ಲದಿದ್ರೆ ಬಿದ್ದಿರುತ್ತೆ. ‘ನಿನ್ನೆ ಹೇಳಿದ್ರಲ್ಲ, ಇವತ್ತೂ ಮಾಡ್ತೀನಿ’ ಅನ್ನೋ ಬುದ್ಧಿ ಇಲ್ಲ. 21,600 ಸಲಕ್ಕೂ ಬೇರೆ ಬೇರೆ ಆರ್ಡರ್ ಬರಬೇಕು. ಆ ಆರ್ಡರ್ ತರೋನೇ ಮೋಟಾರ್ ನ್ಯೂರಾನ್.”

“ಪುಸ್ತಕದಲ್ಲಿ ಚಾಲಕ ನರಕೋಶ ಅಂತಾರೆ” ಅಂದಳು ಸುಧಾ.

“ಚಾಲಕ ಅಂದ್ರೆ, ಡ್ರೈವರಾ?” ಸೀನನಿಗೆ ಉಸಿರು ಮರಳಿತ್ತು.

“ಜವಾನ ಅಂದ್ಕೋ. ಬೆನ್ನುಹುರಿಯಲ್ಲಿ ಕೂತಿರ್ತಾನೆ, ಕೈ ಮಾತ್ರ ಸ್ನಾಯುವಿನವರೆಗೂ ಚಾಚಿರ್ತಾನೆ. ಕಾಲಿಗೆ ಹೋಗೋನ ಕೈ ಹತ್ತಿರಹತ್ತಿರ ಒಂದು ಮೀಟರ್ ಉದ್ದ. ಮೇಲಿನವರು ಎಷ್ಟೇ ಜನ ಇರಲಿ, ಫೈಲು ಕೊನೆಗೆ ಇವನ ಕೈಯಿಂದಲೇ ಹೋಗಬೇಕು. 1932ರಲ್ಲಿ ನೊಬೆಲ್ ಪಡೆದ ಷೆರಿಂಗ್ಟನ್, ಎಲ್ಲ ಆಜ್ಞೆಗಳಿಗೂ ಇದೇ ಕೊನೆಯ ದಾರಿ ಅಂದಿದ್ದ. ಉಸಿರಿನ ಜವಾನನಿಗೆ ಇಬ್ಬರು ಸಾಹೇಬರು. ಒಬ್ಬ ಮೆದುಳಿನ ಮೇಲ್ಪದರದಲ್ಲಿ. ಮಾತಾಡೋಕೆ, ಹಾಡೋಕೆ, ಸೀನನ ಹಾಗೆ ಜಂಬ ಕೊಚ್ಚೋಕೆ ಉಸಿರು ಹಿಡಿಸೋನು. ಇನ್ನೊಬ್ಬ ಮೆದುಳಿನ ಬುಡದಲ್ಲಿ, ಮೆಡುಲ್ಲಾದಲ್ಲಿ. ರಜೆಯೇ ಇಲ್ಲದೆ ತಾಳ ಹಾಕ್ತಾ ಕೂತಿರೋನು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಯ್ತು ಅಂದ್ರೆ ಇವನು ಮೊದಲನೆಯವನ ಮಾತಿಗೆ ಮೂರು ಕಾಸಿನ ಬೆಲೆ ಕೊಡಲ್ಲ. ನೇರ ಜವಾನನಿಗೇ ಹೇಳ್ತಾನೆ, ‘ಎಳಿ’ ಅಂತ. ಆಗಲೇ ನಿನ್ನ ಹೊಟ್ಟೆ ಎಗರಿದ್ದು.”

“ಆಕ್ಸಿಜನ್ ಖಾಲಿಯಾಗಿ ಅಲ್ವಾ?”

“ಅಲ್ಲ. 58 ಸೆಕೆಂಡಿಗೆ ಏನು ಖಾಲಿಯಾಗುತ್ತೆ? ನಮಗೆ ಉಸಿರುಕಟ್ಟಿದ ಹಾಗೆ ಅನ್ನಿಸೋದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರಿದ್ದರಿಂದ. ಕೆಲವರು ಮೊದಲು ದಬದಬ ಉಸಿರಾಡಿ ಅದನ್ನೆಲ್ಲ ಹೊರಗೆ ಹಾಕಿ, ಆಮೇಲೆ ನೀರಲ್ಲಿ ಮುಳುಗ್ತಾರೆ. ಎಚ್ಚರಿಕೆ ಗಂಟೆ ಬಾರಿಸೋದೇ ಇಲ್ಲ. ಆಕ್ಸಿಜನ್ ಇಳಿದು ನೀರೊಳಗೇ ಪ್ರಜ್ಞೆ ತಪ್ಪುತ್ತೆ. ದಯವಿಟ್ಟು ಮುಂದಿನ ಪಂಥ ಅದಾಗದಿರಲಿ.”

ತಾಳ ಹಾಕುವ ಆ ಸಾಹೇಬನಿಗೆ ಏನು ಹೆಸರು ಅಂತ ಸುಧಾ ಕೇಳಿದಳು. ನರಹರಿ ನಕ್ಕ. 1978ರಲ್ಲಿ ಜರ್ಮನಿಯ ಹಿರ್ಶ್‌ಹಾರ್ನ್‌ನಲ್ಲಿ ವಿಜ್ಞಾನಿಗಳ ಸಭೆ ನಡೆದಿತ್ತಂತೆ. ಮೆಡುಲ್ಲಾದ ಒಂದು ಜಾಗಕ್ಕೆ ಹೆಸರು ಬೇಕಿತ್ತು. ಜಾಕ್ ಫೆಲ್ಡ್‌ಮನ್ ಮೇಜಿನ ಮೇಲಿದ್ದ ವೈನ್ ಬಾಟಲಿ ಎತ್ತಿ, ಅದರ ಲೇಬಲ್ ಮೇಲಿದ್ದ ‘ಬೋಟ್ಸಿಂಗರ್’ ಎಂಬ ಹೆಸರನ್ನೇ ಇಟ್ಟುಬಿಟ್ಟ. ಉಸಿರಿನ ತಾಳ ಹುಟ್ಟುವ ಜೀವಕೋಶಗಳು ಅದರ ಪಕ್ಕದಲ್ಲೇ ಸಿಕ್ಕವು. 1991ರಲ್ಲಿ ಅವಕ್ಕೆ ‘ಪ್ರಿ-ಬೋಟ್ಸಿಂಗರ್’ ಅಂದರು.

“ಅಂದ್ರೆ ನಾನು ಉಸಿರಾಡ್ತಿರೋದು ಬಾಟಲಿಯ ದಯೆಯಿಂದ” ಅಂದ ಸೀನ. ಬಹಳ ಸಮಾಧಾನವಾದ ಹಾಗಿತ್ತು.

ವೈರಿಂಗ್ ವಿಷಯ ಇನ್ನೂ ವಿಚಿತ್ರ. ವಪೆ ಇರುವುದು ಪಕ್ಕೆಲುಬಿನ ತಳದಲ್ಲಿ, ಅದರ ನರ ಹೊರಡುವುದು ಕುತ್ತಿಗೆಯಿಂದ. ಭ್ರೂಣದಲ್ಲಿ ವಪೆ ಹುಟ್ಟುವುದೇ ಕುತ್ತಿಗೆಯ ಬಳಿ. ಆಮೇಲೆ ಕೆಳಗಿಳಿಯುವಾಗ ವೈರನ್ನೂ ಎಳೆದುಕೊಂಡು ಹೋಗುತ್ತದೆ. ಮನೆ ಬದಲಾಯಿಸಿದರೂ ಹಳೇ ಕನೆಕ್ಷನ್ ಬಿಡದವರ ಹಾಗೆ. ಅದಕ್ಕೇ ಕತ್ತಿನ ಪೆಟ್ಟಿಗೆ ಡಾಕ್ಟರುಗಳು ಅಷ್ಟು ಹೆದರುವುದು. ಬೆನ್ನುಹುರಿ ಎದೆಯ ಮಟ್ಟದಲ್ಲಿ ತುಂಡಾದರೆ ಕಾಲು ಹೋಗುತ್ತದೆ, ವಪೆ ಉಳಿಯುತ್ತದೆ. ಕತ್ತಿನ ಮೇಲ್ಭಾಗದಲ್ಲಿ ತುಂಡಾದರೆ ಉಸಿರೇ ಹೋಗುತ್ತದೆ.

“ಸರಿ, ಜವಾನ ಬಂದ. ಸ್ನಾಯು ಬಿಗಿಯಾಗೋದು ಹೇಗೆ?” ಅಂದೆ.

“ಸೀನ, ಆ ಪೆಟ್ಟಿಗೆ ಎತ್ತು” ಅಂದಳು ಸುಧಾ. ಮೂಲೆಯಲ್ಲಿ ದೊಡ್ಡ ಸೂಟ್‌ಕೇಸ್ ಇತ್ತು. ಸೀನ ತೋಳು ಮಡಚಿ, ಹಲ್ಲು ಕಚ್ಚಿ, ಎರಡೂ ಕೈಯಿಂದ ಎತ್ತಿದ. ಸೂಟ್‌ಕೇಸ್ ಹಾರಿ ಅವನ ಮೂಗಿಗೇ ಬಡಿಯಿತು. ಖಾಲಿ!

ನರಹರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿರಲಿಲ್ಲ. ಒಬ್ಬ ಜವಾನನ ಕೈಕೆಳಗೆ ಒಂದಿಷ್ಟು ಸ್ನಾಯುತಂತುಗಳು. ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ಹತ್ತರ ಆಸುಪಾಸು, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ಅವನು ಕೂಗಿದರೆ ಅಷ್ಟೂ ತಂತು ಒಟ್ಟಿಗೆ ಏಳಬೇಕು, ಅರ್ಧಂಬರ್ಧ ಇಲ್ಲ. ಭಾರ ಕಡಿಮೆಯಿದ್ದರೆ ಸಣ್ಣ ಗುಂಪಿನವರನ್ನು ಮೊದಲು ಕರೆಯುತ್ತಾರೆ, ಸಾಲದಿದ್ದರೆ ದೊಡ್ಡ ಗುಂಪಿನವರನ್ನು. ಸೀನನ ಮೆದುಳು ಸೂಟ್‌ಕೇಸ್ ನೋಡಿಯೇ ಅಂದಾಜು ಮಾಡಿ ದೊಡ್ಡವರನ್ನೂ ಸೇರಿಸಿ ದಂಡೆಲ್ಲ ಕರೆಸಿತ್ತು.

“ಜವಾನ ಸ್ನಾಯುವನ್ನು ಮುಟ್ಟಲ್ಲ” ಅಂದ ನರಹರಿ. “ಹೊಸ್ತಿಲಲ್ಲಿ ನಿಂತು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಎರಚ್ತಾನೆ. ಅದು ಆಚೆ ದಡಕ್ಕೆ ತಾಗಿದ ಕೂಡಲೇ ತಂತುವಿನ ಮೈಮೇಲೆ ವಿದ್ಯುತ್ ಹರಿಯುತ್ತೆ. ಒಳಗೆ ಬಚ್ಚಿಟ್ಟ ಕ್ಯಾಲ್ಸಿಯಂ ಚೆಲ್ಲುತ್ತೆ. ಆಗ ಮಯೋಸಿನ್ ಎಂಬ ಎಳೆಯ ಪುಟ್ಟ ಕೈಗಳು ಆಕ್ಟಿನ್ ಎಂಬ ಎಳೆಯನ್ನ ಹಿಡಿದು ಎಳೀತವೆ. ಬಾವಿ ಹಗ್ಗ ಎಳೆದ ಹಾಗೆ, ಹಿಡಿ, ಎಳಿ, ಬಿಡು, ಮತ್ತೆ ಹಿಡಿ. ತಮಾಷೆ ಏನು ಗೊತ್ತಾ? ಹಿಡಿದದ್ದನ್ನ ಬಿಡೋಕೆ ಎಟಿಪಿ ಅನ್ನೋ ಜೀವಕೋಶದ ಇಂಧನ ಬೇಕು. ಹೆಣ ಸೆಟೆದುಕೊಳ್ಳೋದು ಅದಕ್ಕೇ. ಎಟಿಪಿ ಮುಗಿದಿರುತ್ತೆ, ಹಿಡಿದ ಕೈ ಬಿಡೋಕಾಗಲ್ಲ.”

“ನಮ್ಮ ಮನೆ ಓನರ್ ಥರ, ಅಡ್ವಾನ್ಸ್ ಹಿಡಿದದ್ದು ಬಿಡಲ್ಲ” ಅಂದ ಸೀನ ಮೂಗು ಉಜ್ಜಿಕೊಳ್ಳುತ್ತ.

ಆ ಹೊಸ್ತಿಲನ್ನು ಯಾರಾದರೂ ಮುಚ್ಚಿದರೆ? ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಹಚ್ಚುತ್ತಿದ್ದ ಕ್ಯುರಾರೆ ವಿಷ ಮಾಡುವುದು ಅದನ್ನೇ. ಅಸಿಟೈಲ್‌ಕೋಲಿನ್ ಬಂದು ಕೂರಬೇಕಾದ ಜಾಗದಲ್ಲಿ ಇದು ಕೂರುತ್ತದೆ. ಹೃದಯ ಬಡಿಯುತ್ತಿರುತ್ತದೆ, ವಪೆ ನಿಲ್ಲುತ್ತದೆ. 1814ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ವಾಟರ್ಟನ್ ಎಂಬಾತ ಒಂದು ಹೆಣ್ಣು ಕತ್ತೆಗೆ ಈ ವಿಷ ಕೊಡಿಸಿದ. ಹತ್ತು ನಿಮಿಷದಲ್ಲಿ ಅದು ಸತ್ತ ಹಾಗೆ ಬಿತ್ತು. ಗಂಟಲ ಕೊಳವೆಯಲ್ಲಿ ತೂತು ಮಾಡಿ ತಿದಿ ಒತ್ತಿ ಗಾಳಿ ತುಂಬಿದರು. ಎರಡು ಗಂಟೆಯಾದ ಮೇಲೆ ಕತ್ತೆ ತಲೆಯೆತ್ತಿ ಸುತ್ತ ನೋಡಿತು. ಸಾಕು ಅಂತ ತಿದಿ ನಿಲ್ಲಿಸಿದರು. ಮತ್ತೆ ಬಿತ್ತು! ಇನ್ನೂ ಎರಡು ಗಂಟೆ ತಿದಿ. ಆಮೇಲೆ ಎದ್ದು ನಡೆದಾಡಿತು. ವಾಟರ್ಟನ್ ಅದಕ್ಕೆ ವೂರಾಲಿಯಾ ಅಂತ ಹೆಸರಿಟ್ಟು ತನ್ನ ಎಸ್ಟೇಟಿನಲ್ಲಿ ಸಾಕಿದ. ಯಾರೂ ಅದರಿಂದ ಮತ್ತೆ ಕೆಲಸ ಮಾಡಿಸಲಿಲ್ಲ. 1839ರವರೆಗೆ ಬದುಕಿತ್ತು.

“25 ವರ್ಷ ರಜೆ! ನನಗೂ ಸ್ವಲ್ಪ ವಿಷ ಸಿಗುತ್ತಾ?” ಅಂದ ಸೀನ.

ನರಹರಿ ನಗಲಿಲ್ಲ. “1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಆ ವೈರಸ್ ಕೊಲ್ಲೋದು ಈ ಜವಾನರನ್ನೇ. ಮಕ್ಕಳು ಎಚ್ಚರವಾಗಿಯೇ ಉಸಿರು ಸಿಗದೆ ಸಾಯ್ತಿದ್ರು. ಸಾಕಷ್ಟು ಯಂತ್ರ ಇರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಮಕ್ಕಳ ಪಕ್ಕ ಕೂತು, ರಬ್ಬರ್ ಚೀಲ ಕೈಯಲ್ಲಿ ಒತ್ತಿ ಒತ್ತಿ ಉಸಿರು ಕೊಟ್ಟರು. ವಾರಗಟ್ಟಲೆ. ಆ ಸಾಹೇಬ ಯಾವ ಗಲಾಟೆಯೂ ಇಲ್ಲದೆ ಮಾಡೋ ಕೆಲಸಕ್ಕೆ ಅಷ್ಟು ಜನ ಬೇಕಾದ್ರು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಗ ಸೀನನ ಮುಖದಲ್ಲಿ ಗಾಬರಿ ಕಂಡಿತು.

“ಲೋ, ಈಗ ನನ್ನ ಉಸಿರು ನನಗೇ ಗೊತ್ತಾಗ್ತಿದೆ. ಒಳಗೆ, ಹೊರಗೆ, ಒಳಗೆ. ನಿಲ್ಲಿಸೋಕೇ ಆಗ್ತಿಲ್ಲ. ರಾತ್ರಿ ಮಲಗಿದ ಮೇಲೆ ಮರೆತುಹೋದ್ರೆ?”

“ಕನಸು ಕಾಣೋ ನಿದ್ದೆಯಲ್ಲಿ ಕೈಕಾಲಿನ ಜವಾನರನ್ನೆಲ್ಲ ಕಟ್ಟಿಹಾಕ್ತಾರೆ” ಅಂದ ನರಹರಿ. “ಇಲ್ಲದಿದ್ರೆ ಕನಸಲ್ಲಿ ಓಡಿದ ಹಾಗೆ ಹಾಸಿಗೆಯಲ್ಲೂ ಓಡ್ತಿದ್ದೆ. ಕಣ್ಣಿನವರನ್ನೂ ವಪೆಯವನನ್ನೂ ಮಾತ್ರ ಬಿಟ್ಟಿರ್ತಾರೆ. ಗಂಟಲು, ನಾಲಿಗೆ ಸಡಿಲಾಗಿರುತ್ತೆ, ವಪೆ ಎಳೀತಾನೇ ಇರುತ್ತೆ. ದಾರಿ ಕಿರಿದಾಗಿ ಗಾಳಿ ಅದುರುತ್ತೆ. ಅದಕ್ಕೇ ಗೊರಕೆ ಅನ್ನೋದು. ಹೋಗಿ ಮಲಗು.”

ರಾತ್ರಿ ಹನ್ನೊಂದೂವರೆಗೆ ಸೀನ ನನಗೆ ಫೋನ್ ಮಾಡಿದ. ನಿದ್ದೆ ಬರ್ತಿಲ್ಲ, ಎಣಿಸ್ತಿದ್ದೀನಿ ಅಂದ. 312 ಆಗಿತ್ತಂತೆ. ನೀನು ಮಾತಾಡ್ತಾ ಇರು, ಮರೆತರೆ ನೆನಪಿಸು ಅಂದ. ನಾನು ಏನೇನೋ ಹೇಳುತ್ತ ಹೋದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಹೂಂಗುಟ್ಟುವುದು ನಿಂತಿತು. ಎದೆ ಧಸಕ್ಕೆಂದಿತು. “ಸೀನ? ಸೀನ?” ಅಂದೆ.

ಗರ್ರ್ ಅಂತ ಕೇಳಿಸಿತು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿದೆ. ಹದಿನಾಲ್ಕು.