ಪ್ರಶ್ನೋತ್ತರ: ಸ್ನಾಯು ಸೋತ ಕೈಗೆ ಎಂಥ ವಾದ್ಯ?

ಕರಿಮಣೆ_ಬಿಳಿಮಣೆ: ಮಗನಿಗೆ 15, ಡುಶೆನ್ (ಸ್ನಾಯು ಸೋಲ್ತಾ ಹೋಗೋ ಹುಟ್ಟು ಕಾಯಿಲೆ). ಬೆರಳು ಆಡುತ್ತವೆ, ತೋಳು ಏಳಲ್ಲ. ಕೀಬೋರ್ಡ್ ಹಿಡಿದು ಹತ್ತು ನಿಮಿಷಕ್ಕೆ ಸದ್ದು ಪೂರ್ತಿ ಇಳಿದುಹೋಗುತ್ತೆ. ಊದಿ ನುಡಿಸೋ ಸೆನ್ಸರ್ ತಗೊಳ್ಳಲಾ ಮೇಡಂ? ಈಚೆಗೆ ಬೆಳಗ್ಗೆ ಎದ್ದಾಗ ತಲೆನೋವು ಅಂತಾನೆ, ರಾತ್ರಿ ಮೊಬೈಲ್ ನೋಡೋದಕ್ಕೇ ಇರಬೇಕು.

ಥೆರಪಿಸ್ಟ್: ಮೊದಲು ತಲೆನೋವು. ಮೊಬೈಲ್ ಮೇಲೆ ಹಾಕಿ ಸುಮ್ಮನಾಗಬೇಡಿ. ಉಸಿರಾಟದ ಸ್ನಾಯು ಸೋತರೆ ನಿದ್ದೆಯಲ್ಲಿ ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತೆ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ ಅದರ ಗುರುತಾಗಿರಬಹುದು. ಈ ವಾರವೇ ಶ್ವಾಸಕೋಶ ತಜ್ಞರಲ್ಲಿ ಎಫ್‌ವಿಸಿ (ಪೂರ್ತಿ ಎಳೆದು ಜೋರಾಗಿ ಊದಿದಾಗ ಬರುವ ಉಸಿರಿನ ಅಳತೆ), ಕೆಮ್ಮಿನ ಬಲ, ರಾತ್ರಿಯ ಸಿಒ2 ಅಳೆಸಿ. ಮನೆಯಲ್ಲಿ ನೀವೇ ಆಕ್ಸಿಜನ್ ಹಚ್ಚಬೇಡಿ, ವೆಂಟಿಲೇಟರ್ ನೆರವಿಲ್ಲದೆ ಸಿಒ2 ಇನ್ನೂ ಏರಬಹುದು. ಅಲ್ಲಿಯವರೆಗೆ ಊದೋದು ಬೇಡ.

ಇನ್ನು ಕೈ. ಮೊಣಕೈಯಿಂದ ಮಣಿಕಟ್ಟಿನವರೆಗೆ ಟ್ರೇ ಮೇಲೆ ಕೂರಲಿ, ವಾದ್ಯವೇ ಬೆರಳಿನ ಬಳಿ ಬರಲಿ. ಪಿಯಾನೊ ಕೀಲಿ ಇಳಿಯೋಕೆ ಸುಮಾರು 50 ಗ್ರಾಂ ಭಾರ ಬೇಕು; ಟಚ್ ಪ್ಯಾಡಿಗೆ ಮುಟ್ಟಿದರೆ ಸಾಕು. ಸದ್ದು ಇಳಿಯೋದು ಮಿಡಿ ವೆಲಾಸಿಟಿಯಿಂದ: ಅದು ಕೀಲಿ ಇಳಿದ ವೇಗ ನೋಡುತ್ತೆ, ದಣಿದ ಬೆರಳು ನಿಧಾನ. ಸೆಟ್ಟಿಂಗ್‌ನಲ್ಲಿ ಅದನ್ನು ಫಿಕ್ಸೆಡ್ ಮಾಡಿ 100ಕ್ಕೆ ನಿಲ್ಲಿಸಿ, ಗರಿಷ್ಠ 127. 10 ನಿಮಿಷ ನುಡಿಸಿದರೆ 5 ನಿಮಿಷ ಬಿಡುವು. ಮರುದಿನ ನೋವಿದ್ದರೆ ಅರ್ಧಕ್ಕಿಳಿಸಿ. ಮೂತ್ರ ಕಂದುಬಣ್ಣ ಆದರೆ ನೇರ ಆಸ್ಪತ್ರೆಗೆ.

ತಾಳಮೇಳ: ಗ್ರೂಪಿಗೆ ಬಂದಿದ್ದು: ಮಣಿಕಟ್ಟಿಗೆ ಅರ್ಧ ಕೆಜಿ ಕಟ್ಟಿ ದಿನಾ ಒಂದು ಗಂಟೆ ಡ್ರಮ್ ಬಾರಿಸಿದರೆ ಸ್ನಾಯು ಮತ್ತೆ ಬೆಳೆಯುತ್ತಂತೆ 🙏

ಥೆರಪಿಸ್ಟ್: ಬೆಳೆಯಲ್ಲ. ಡುಶೆನ್‌ನಲ್ಲಿ ಸ್ನಾಯು ಕಾಯುವ ಪ್ರೋಟೀನ್ ಡಿಸ್ಟ್ರೊಫಿನ್ ಇರಲ್ಲ; ಅದಿಲ್ಲದ ಸ್ನಾಯುತಂತು ಭಾರಕ್ಕೆ ಹರಿಯುತ್ತೆ. ಫಾರ್ವರ್ಡ್ ಅಳಿಸಿ.

ಗೆಜ್ಜೆ: ಬ್ಲೂಟೂತ್ ಹೆಡ್‌ಫೋನಿನಲ್ಲಿ ಸ್ವರ ತಡವಾಗಿ ಬರುತ್ತೆ.

ಥೆರಪಿಸ್ಟ್: ವಯರ್ ಹಾಕಿ.

ನೋಟ: ಎಎಲ್‌ಎಸ್ (ನರ ಸೋತು ಕೈಕಾಲು ಆಡದಂತಾಗೋ ಕಾಯಿಲೆ). ಕಣ್ಣಲ್ಲೇ ನುಡಿಸೋ ಐಹಾರ್ಪ್‌ನಲ್ಲಿ ದೃಷ್ಟಿ ಎಷ್ಟು ಹೊತ್ತು ನಿಂತರೆ ಸ್ವರ ಬರೋ ಹಾಗೆ ಇಡಬೇಕು?

ಹಳೇತಂಬೂರಿ: ಸ್ವಿಚ್ ಒತ್ತಿದರೆ ಸದ್ದು ಬರೋದನ್ನೂ ಸಂಗೀತ ಅನ್ನಬೇಕಾ?

ಗೆಜ್ಜೆ: ಹಾರ್ಮೋನಿಯಂ ಮನೆ ಒತ್ತೋದು ಇನ್ನೇನು ಸ್ವಾಮಿ?

ಹಳೇತಂಬೂರಿ: ತಿದಿ ಎಳೀಬೇಕಲ್ಲ!

ಗೆಜ್ಜೆ: ತಿದಿ ಪಕ್ಕದವರು ಎಳೆದರೆ ರಾಗ ಅವರದ್ದಾ? ಯಾವಾಗ ಶುರು, ಯಾವಾಗ ನಿಲ್ಲಿಸೋದು ಅನ್ನೋದು ಒತ್ತುವವನ ಕೈಲಿದೆ.

ಹಳೇತಂಬೂರಿ: ವಾದ ಮಾಡೋಕೆ ಬರುತ್ತೆ, ಶ್ರುತಿ ಬರುತ್ತಾ?

ತಾಳಮೇಳ: ಮೇಡಂ, ಕಾಲು ಕೆಜಿ ಕಟ್ಟಿದರೆ?

ಥೆರಪಿಸ್ಟ್: ಮೇಲೆ ಓದಿ. ಕರಿಮಣೆಯವರೇ, ಅಪಾಯಿಂಟ್‌ಮೆಂಟ್ ಆಯ್ತಾ?

ಕರಿಮಣೆ_ಬಿಳಿಮಣೆ: ಗುರುವಾರಕ್ಕೆ ಕೊಟ್ಟಿದ್ದಾರೆ. ನೀವು ಹೇಳಿದ ಮೇಲೆ ಗಮನಿಸಿದೆ, ಹಗಲೂ ತೂಕಡಿಸ್ತಾನೆ.

ಥೆರಪಿಸ್ಟ್: ಗುರುವಾರಕ್ಕೆ ಕಾಯಬೇಡಿ. ಈಗಲೇ ಫೋನ್ ಮಾಡಿ ಇದನ್ನೇ ಹೇಳಿ. ಎಬ್ಬಿಸಿದರೂ ಎಚ್ಚರ ಆಗದಿದ್ದರೆ ತುರ್ತು ವಿಭಾಗಕ್ಕೆ.

ನೋಟ: ನನ್ನ ಪ್ರಶ್ನೆ ಮೇಲೆಲ್ಲೋ ಉಳೀತು.