ಗಡಿ ಊರಲ್ಲಿ ಎಚ್‌ಐವಿ ಟೆಸ್ಟ್: ಸಂತೆ ದಿನ ವ್ಯಾನ್ ನಿಲ್ಲಿಸೋದಾ, ರಾತ್ರಿ ಅಡಿಕೆ ಸುಲಿಯೋ ಕಡೆ ಹೋಗೋದಾ?

ಘಟ್ಟದಂಚು:
ನಮಸ್ಕಾರ ಎಲ್ರಿಗೂ. ನಾನು ತೀರ್ಥಹಳ್ಳಿ ತಾಲೂಕು ಆಗುಂಬೆ ಕಡೆ ಹಳ್ಳಿಗಳಲ್ಲಿ ಆರೋಗ್ಯದ ಕೆಲ್ಸ ಮಾಡ್ತೀನಿ. ನಮ್ದು ಜಿಲ್ಲೆ ಅಂಚು, ಘಾಟಿ ಇಳಿದ್ರೆ ಸೋಮೇಶ್ವರ, ಹೆಬ್ರಿ, ಅಂದ್ರೆ ಉಡುಪಿ ಜಿಲ್ಲೆ. ಕೊಯ್ಲು ಟೈಮಲ್ಲಿ ಹೊರಗಿಂದ ಕೆಲ್ಸಕ್ಕೆ ಬರೋರು ಜಾಸ್ತಿ, ಇವತ್ತು ಈ ತೋಟ, ಮುಂದಿನ ವಾರ ಘಟ್ಟದ ಕೆಳಗೆ. ಹೋದ ವರ್ಷ ಸಂತೆ ದಿನ ವ್ಯಾನ್ ನಿಲ್ಲಿಸಿ ಕ್ಯಾಂಪ್ ಮಾಡಿದ್ವಿ, ಸಂಖ್ಯೆ ಏನೋ ಚೆನ್ನಾಗೇ ಬಂತು, ಆದ್ರೆ ಬಂದೋರೆಲ್ಲ ಬಿಪಿ ಶುಗರ್ ನೋಡಿಸ್ಕೊಳ್ಳೋ ಊರಿನ ವಯಸ್ಸಾದೋರು, ಯಾರಿಗೋಸ್ಕರ ಹೋಗಿದ್ವೋ ಆ ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಇಳಿಸೋರು), ಲಾರಿ ಹುಡುಗ್ರು ಒಬ್ರೂ ಹತ್ರ ಸುಳೀಲಿಲ್ಲ. ಈ ಸಲ ಏನು ಮಾಡೋದು?

ಕೌನ್ಸೆಲರ್_ಶಿವಮೊಗ್ಗ:
ಎಷ್ಟು ಟೆಸ್ಟ್ ಆಯ್ತು ಅನ್ನೋದನ್ನ ಬಿಡಿ ಮೇಡಂ, ಯಾರಿಗೆ ಆಯ್ತು, ರಿಯಾಕ್ಟಿವ್, ಅಂದ್ರೆ ಸೋಂಕು ಇರಬಹುದು ಅಂತ ಬಂದೋರು ಐಸಿಟಿಸಿ (ಸರ್ಕಾರದ ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರ) ತನಕ ಬಂದ್ರಾ ಅದನ್ನ ನೋಡಿ. ಬೆರಳು ಚುಚ್ಚಿ ಮಾಡೋದು ಸ್ಕ್ರೀನಿಂಗ್ ಅಷ್ಟೇ, ಎರಡು ಗೆರೆ ಬಂದ ತಕ್ಷಣ ಪಾಸಿಟಿವ್ ಅಂತ ಹೇಳ್ಲೇಬೇಡಿ, ಐಸಿಟಿಸಿಲಿ ಬೇರೆ ಬೇರೆ ಮೂರು ಕಿಟ್‌ನಲ್ಲಿ ನೋಡಿದ್ಮೇಲೇ ಪಕ್ಕಾ. ಚೀಟಿ ಬರೆದುಕೊಟ್ಟು ಕಳ್ಸಿದೋರು ಎಷ್ಟೋ ಜನ ದಾರಿಲೇ ತಪ್ಪಿಹೋಗ್ತಾರೆ, ಜೊತೆಗೇ ಬಸ್ಸು ಹತ್ತಿ ಬನ್ನಿ. ಈಗಾಗ್ಲೇ ಪಾಸಿಟಿವ್ ಇರೋರ ಸಂಗಾತಿಗಳಿಗೆ, ಅವ್ರು ಒಪ್ಪಿದ್ರೆ, ಟೆಸ್ಟ್ ಮಾಡಿಸೋದ್ರಲ್ಲಿ ಕ್ಯಾಂಪಿಗಿಂತ ಹೆಚ್ಚು ಹೊಸ ಕೇಸ್ ಸಿಗುತ್ತೆ, ಟೆಸ್ಟ್ ಮಾತ್ರ ಕಮ್ಮಿ ಆಗುತ್ತೆ. ಇನ್ನೊಂದು, ಶುಗರ್‌ಗೆ ಅಂತ ತಗೊಂಡ ರಕ್ತದಲ್ಲಿ ಹೇಳ್ದೇ ಎಚ್‌ಐವಿ ನೋಡೋ ಹಾಗಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಬೇಕೇ ಬೇಕು.

ತೋಟದಮನೆ:
ನಾವು ಅಡಿಕೆ ಬೆಳೆಯೋರು, ಹಗಲು ಹೊತ್ತು ಕ್ಯಾಂಪ್ ಇಟ್ರೆ ಯಾರು ಬರ್ತಾರೆ ಮಾರಾಯ್ರೆ, ಕೊನೆಗಾರ ಒಂದು ದಿನ ಮರ ಹತ್ಲಿಲ್ಲ ಅಂದ್ರೆ ಅವನ ಕೂಲಿ ಹೋಯ್ತು. ಸುಲಿಯೋದು ರಾತ್ರಿ ತನಕ ನಡೆಯುತ್ತೆ, ಊಟ ಮುಗಿದ್ಮೇಲೆ ಬನ್ನಿ. ಚೊಗರು ಹತ್ತಿ ಕೈ ಕಪ್ಪಾಗಿರುತ್ತೆ, ಬೆರಳ ತುದಿ ಚರ್ಮ ದಪ್ಪ ಆಗಿರುತ್ತೆ, ನಮ್ಮಲ್ಲಿ ಒಬ್ಬನಿಗೆ ಎರಡು ಸಲ ಚುಚ್ಚಿದ್ರೂ ರಕ್ತ ಬರ್ಲಿಲ್ಲ, ಅದನ್ನ ನೋಡಿ ಹಿಂದಿದ್ದೋರೆಲ್ಲ ಎದ್ದುಹೋದ್ರು. ಹಂಡೆಲಿ ಹೇಗೂ ಬಿಸಿನೀರಿರುತ್ತೆ, ಮೊದ್ಲು ಕೈ ತೊಳಿಸಿ, ಉಂಗುರ ಬೆರಳಿನ ಪಕ್ಕಕ್ಕೆ ಚುಚ್ಚಿ. ಅಂಗಳದಲ್ಲಿ ಎಲ್ರ ಎದುರು ಮಾತ್ರ ಬೇಡ, ನಾನು ಹಿಂದಿನ ಕೋಣೆ ಬಿಟ್ಟುಕೊಡ್ತೀನಿ. ಯಾರಿಗೆ ಏನು ಬಂತು ಅಂತ ನಂಗೂ ಹೇಳ್ಬೇಡಿ.

ಹನ್ನೊಂದನೇ_ವರ್ಷ:
ನಾನು ಎಆರ್‌ಟಿ, ಅಂದ್ರೆ ಎಚ್‌ಐವಿ ಹತೋಟಿಲಿಡೋ ಮಾತ್ರೆ ತಗೊಳ್ತಾ ಇರೋನು. ನಂಗೆ ಗೊತ್ತಾಗಿದ್ದೇ ಹೆಂಡ್ತಿ ಬಸುರಿ ಇದ್ದಾಗ ಅವಳಿಗೆ ಟೆಸ್ಟ್ ಮಾಡಿದ್ದಕ್ಕೆ. ಎಷ್ಟು ಕ್ಯಾಂಪ್ ನಮ್ಮೂರಿಗೆ ಬಂದಿತ್ತೋ, ವ್ಯಾನ್ ಮೇಲಿನ ಬರಹ ನೋಡಿನೇ ದೂರದಿಂದ ವಾಪಸ್ ಹೋಗ್ತಿದ್ದೆ. ಗುರುತಿಲ್ಲದ ಮಾಮೂಲಿ ಜೀಪಲ್ಲಿ ಬನ್ನಿ. ಚುಚ್ಚೋಕ್ಕಿಂತ ಮುಂಚೆ ಹೇಳಿ, ಮಾತ್ರೆ 2004ರಿಂದ ಫ್ರೀ, ದಿನಾ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದ್ರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ರಿಗೆ ಹರಡಲ್ಲ ಅಂತ. ಇದು ಆವಾಗ್ಲೇ ಗೊತ್ತಿದ್ದಿದ್ರೆ ನಾನು ಅಷ್ಟು ವರ್ಷ ಟೆಸ್ಟ್ ತಪ್ಪಿಸ್ಕೊಂಡು ಓಡಾಡ್ತಿರ್ಲಿಲ್ಲ. ಊರು ಬಿಟ್ಟು ಹೋಗೋರಿಗೆ ಎಆರ್‌ಟಿ ಸೆಂಟರ್ ಬದಲಾಯಿಸ್ಕೋಬಹುದು ಅಂತಾನೂ ಹೇಳಿ, ಎಚ್‌ಐವಿ ಸಹಾಯವಾಣಿ 1097 ನಂಬರ್ ಕೊಡಿ.

ಘಟ್ಟದಂಚು:
ತುಂಬಾ ಥ್ಯಾಂಕ್ಸ್, ಹನ್ನೊಂದನೇ ವರ್ಷದವ್ರ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ವ್ಯಾನ್ ಸಂತೆಗೆ ಒಂದೇ ಸಲ ಸಾಕು, ಉಳಿದ ದಿನ ರಾತ್ರಿ ಸುಲಿಯೋ ಮನೆಗಳಿಗೆ ಹೋಗ್ತೀವಿ. ನೆಗೆಟಿವ್ ಬಂದು ಇತ್ತೀಚೆಗೆ ರಿಸ್ಕ್ ಆಗಿದೆ ಅಂದೋರಿಗೆ ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡ್ಬೇಕಲ್ಲ, ಅಷ್ಟರಲ್ಲಿ ಅವ್ರು ಘಟ್ಟದ ಕೆಳಗಿರ್ತಾರೆ. ಹೆಬ್ರಿ ಕಡೆ ಕೆಲ್ಸ ಮಾಡೋರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಮೆಸೇಜ್ ಮಾಡಿ.