ಬೈಗುಳಕ್ಕೂ ಒಂದು ಲೆಕ್ಕ ಬೇಡ್ವಾ?

ಮಂಜ ಬಾಯಿ ಬಿಟ್ಟರೆ ಮೊದಲು ಬೈಗುಳ, ಆಮೇಲೆ ವಿಷಯ. ಹಾಸನದ ಎನ್.ಆರ್. ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ಆಲೂಗಡ್ಡೆ ರೇಟನ್ನು ಬೈದ, ಅಂಗಮಾರಿ ರೋಗವನ್ನು ಬೈದ. ಕೊನೆಗೆ ಸಕ್ಕರೆ ಜಾಸ್ತಿಯಾಯಿತೆಂದು ಟೀಯ ತಾಯಿಯನ್ನೂ ಬಿಡಲಿಲ್ಲ.

"ತಪ್ಪು ಯಾರದೇ ಇರಲಿ, ಬೈಸಿಕೊಳ್ಳೋದು ಮಾತ್ರ ಮನೆ ಹೆಂಗಸರು," ಎಂದ ಶಿವು.

"ನಮ್ಮ ಹಾಸನದೋರ ಬಾಯೇ ಹಂಗೆ ಕಣ್ಲಾ."

"ಅದೇನೋ ನಿಜ," ಎಂದರು ಮೇಷ್ಟ್ರು. ಮಕ್ಕಳಿಗೆ ಕತ್ತೆ ಅಂತಲೂ ಅನ್ನದೆ ಸರ್ವಿಸ್ ಮುಗಿಸಿದ ಮನುಷ್ಯ. "ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲೂಕಲ್ಲೇ. ಸುಮಾರು ಕ್ರಿ.ಶ. 450ರದ್ದು. ಅದರಲ್ಲೂ 'ಕಳ್ದೋನ್ ಮಹಾಪಾತಕನ್' ಅಂತ ಇದೆ. ಕೊಟ್ಟ ದಾನ ಕದ್ದವನಿಗೆ ಕಲ್ಲಿನ ಮೇಲೇ ಬೈಗುಳ! ಆಮೇಲಿನವರು ಇನ್ನೂ ಜೋರು. ದತ್ತಿ ಭೂಮಿ ಕಿತ್ತುಕೊಂಡವನು 60,000 ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ ಸಂಸ್ಕೃತ ಶ್ಲೋಕವನ್ನೇ ಕೆತ್ತಿಸುತ್ತಿದ್ದರು."

ಮಂಜನ ಕಣ್ಣು ಅರಳಿತು. "ಮೇಷ್ಟ್ರೆ, ಅದನ್ನ ಒಂದು ಚೀಟಿಲಿ ಬರ್ಕೊಡಿ. ನಮ್ಮ ಬದು ಒತ್ತಿದಾನಲ್ಲ, ಅವನಿಗೆ ಬೇಕು."

(ಜಾತಿ ಎತ್ತಿ ಬೈಯುವುದು ಈ ಹರಟೆಗೆ ಸೇರುವುದಿಲ್ಲ. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ನಗುವ ಮಾತಲ್ಲ.)

"ಕೊಡಗಿನ ದೇವರಪುರದಲ್ಲಿ ಕುಂಡೆ ಹಬ್ಬ ಅಂತ ಮಾಡ್ತಾರೆ," ಎಂದೆ ನಾನು. "ಆಗ ಯಾರನ್ನು ಬೇಕಾದರೂ ಬೈಯಬಹುದು, ದೇವರನ್ನೂ ಬಿಡೋದಿಲ್ಲ. ಹಬ್ಬ ಮುಗಿದರೆ ಬಾಯಿ ಬಂದ್."

"ಇವನಿಗೆ ವರ್ಷವೆಲ್ಲಾ ಕುಂಡೆ ಹಬ್ಬ," ಎಂದ ಶಿವು. ಮೆಡಿಕಲ್ ಸ್ಟೋರಿನವನು, ನೋವಿನ ವಿಷಯ ಬಂದರೆ ಅವನೇ ಡಾಕ್ಟರು. "ಇಂಗ್ಲೆಂಡಿನ ಕೀಲ್ ಯೂನಿವರ್ಸಿಟಿಯವರು ಜನರ ಕೈಯನ್ನ ಐಸ್ ನೀರಲ್ಲಿ ಇಡಿಸಿದರಂತೆ. 2009ರಲ್ಲಿ. ಬೈಯುತ್ತಾ ಕೂತವರು ಜಾಸ್ತಿ ಹೊತ್ತು ತಡೆದುಕೊಂಡರು."

"ನೋಡಿದ್ರಾ! ಔಷಧಿ ಕಣ್ಲಾ ಇದು!"

"ತಡಿಯೋ. 2011ರಲ್ಲಿ ಮತ್ತೆ ನೋಡಿದರು. ದಿನಾ ಬೈಯೋರಿಗೆ ಅದು ಅಷ್ಟಾಗಿ ನಾಟಲ್ಲ."

ಮಂಜನ ಮುಖ ಇಳಿದುಹೋಯಿತು. ಇದ್ದ ಔಷಧಿಯನ್ನೆಲ್ಲ ಟೀಗೆ, ರೇಟಿಗೆ ಖರ್ಚು ಮಾಡಿಬಿಟ್ಟಿದ್ದನಲ್ಲ!

ಹೊರಡೋಣವೆಂದು ಎದ್ದೆವು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೇಷ್ಟ್ರ ಕಾಲ್ಬೆರಳು ಎದ್ದು ನಿಂತಿದ್ದ ಚಪ್ಪಡಿಗೆ ಬಡಿಯಿತು. ಅವರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಲ್ಲಿನಿಂದ ಶುರುವಾಗಿ, ಅದನ್ನು ಹಾಸಿದವನ ಮೇಲೆ ಹಾದು, ಅವನ ಏಳು ತಲೆಮಾರು ಸುತ್ತಿ ಬಂತು. ಸೌತೆಕಾಯಿ ಗಾಡಿಯವನು ಉಪ್ಪುಖಾರ ಹಚ್ಚುವುದನ್ನು ನಿಲ್ಲಿಸಿ ನೋಡಿದ.

"ನೋವು ಹೋಯ್ತಾ ಮೇಷ್ಟ್ರೆ?" ಎಂದ ಶಿವು.

ಮಂಜ ಭಕ್ತಿಯಿಂದ ಕೈ ಕಟ್ಟಿ ನಿಂತಿದ್ದ. "ಇನ್ನೊಂದ್ಸಲ ಹೇಳಿ ಮೇಷ್ಟ್ರೆ. ಬಸ್ಸಿನ ಹಾರನ್ನಲ್ಲಿ ಕೊನೇದು ಕೇಳಿಸಲಿಲ್ಲ."